ನಿಮ್ಮ ಅಕ್ಕ ಆಗಿದ್ದಿದ್ರೆ ಏನು ಹೇಳ್ತಿದ್ರಿ ಡಾಕ್ಟ್ರೇ?

ಅಕ್ಕನ ಮ್ಯಾಮೋಗ್ರಾಂ ವರದಿ ಬಂದ ಸಂಜೆ ಮನೆಯಲ್ಲಿ ಶಾವಿಗೆ ಪಾಯಸ ಆಯಿತು. ವರದಿಯ ಕೊನೆಗೆ ದಪ್ಪಕ್ಷರದಲ್ಲಿ ‘ಬೈರಾಡ್ಸ್ 0’ ಎಂದಿತ್ತು. ಸೊನ್ನೆ ಅಂದಮೇಲೆ ಏನೂ ಇಲ್ಲ ಅಂತಲೇ ಅಕ್ಕ, ಭಾವ, ನಾನು ಮೂವರೂ ಓದಿಕೊಂಡೆವು. ಶುಗರ್, ಕೊಲೆಸ್ಟ್ರಾಲ್ ವರದಿ ಓದಿ ಪಳಗಿದ ಮನೆ ನಮ್ಮದು. ಅಂಕಿ ಇಳಿದಷ್ಟೂ ಕ್ಷೇಮ. ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು. ‘ಮೇಡಂ, ಇನ್ನೊಂದ್ಸಲ ಬರಬೇಕಿತ್ತು, ಸ್ಕ್ಯಾನಿಂಗ್ ಇದೆ.’ ಯಾಕೆ ಅಂತ ಕೇಳಿದರೆ ‘ಡಾಕ್ಟ್ರು ಹೇಳ್ತಾರೆ’. ಡಾಕ್ಟ್ರು ಸಿಗುವುದು ಹನ್ನೊಂದು ದಿನ ಬಿಟ್ಟು.

ಸ್ತನದ ಎಕ್ಸ್‌ರೇ ಓದುವ ರೇಡಿಯಾಲಜಿಸ್ಟರು ತಮ್ಮ ಅಭಿಪ್ರಾಯವನ್ನು 0ಯಿಂದ 6ರ ತನಕದ ಒಂದು ಬೈರಾಡ್ಸ್ ಅಂಕಿಯಲ್ಲಿ ಹೇಳುತ್ತಾರೆ. 1 ಬಂದರೆ ಎಲ್ಲ ಸರಿ. 2 ಬಂದರೆ ಏನೋ ಇದೆ, ಅಪಾಯದ್ದಲ್ಲ. 4, 5 ಬಂದರೆ ಸೂಜಿ ಚುಚ್ಚಿ ಚೂರು ತೆಗೆದು ನೋಡಬೇಕು. 0 ಎಂದರೆ, ಇಷ್ಟೇ ಚಿತ್ರದಲ್ಲಿ ಏನೂ ಹೇಳಲಾಗದು, ಇನ್ನೂ ನೋಡಬೇಕು ಎಂದು. ಎಸ್ಸೆಸ್ಸೆಲ್ಸಿ ಫಲಿತಾಂಶ ತಡೆಹಿಡಿದ ಹಾಗೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಆ ಹನ್ನೊಂದು ದಿನ ಅಕ್ಕ ಅಳಲಿಲ್ಲ. ಬೀರುವಿನ ಕೀಲಿ ಎಲ್ಲಿರುತ್ತೆ ಅಂತ ಭಾವನಿಗೆ ಎರಡು ಸಲ ತೋರಿಸಿದಳು. ಎಲ್‌ಐಸಿ ಬಾಂಡುಗಳನ್ನೆಲ್ಲ ಒಂದೇ ಕವರಿಗೆ ಹಾಕಿಟ್ಟಳು. ಮಗಳ ಪಿಯುಸಿ ಮುಗಿಯಲು ಎಷ್ಟು ತಿಂಗಳು ಉಳಿದಿದೆ ಅಂತ ಬೆರಳು ಮಡಿಸಿ ಎಣಿಸುತ್ತಿದ್ದುದನ್ನು ನಾನೇ ನೋಡಿದೆ. ಹನ್ನೆರಡನೆಯ ದಿನ ಸ್ಕ್ಯಾನಿಂಗ್ ಆಯಿತು. ನೀರುಗುಳ್ಳೆ. ‘ಏನೂ ತೊಂದ್ರೆ ಇಲ್ಲ, ಹೊರಡಿ’ ಅಂದರು.

ವಾಪಸು ಬರುವಾಗ ಆಟೋದಲ್ಲಿ ಕೇಳಿದೆ: ‘ಈ ಟೆಸ್ಟ್ ಮಾಡಿಸ್ಕೋ ಅಂತ ನಿಂಗೆ ಯಾರು ಹೇಳಿದ್ದು?’

‘ಯಾರೂ ಹೇಳ್ಲಿಲ್ಲ. ಆಸ್ಪತ್ರೆಯ ಅಕ್ಟೋಬರ್ ತಪಾಸಣೆ ಪ್ಯಾಕೇಜಲ್ಲಿ ಇತ್ತು.’

ಮುಂದೆ ಹೋಗುವ ಮುನ್ನ ಒಂದು ಮಾತು. ನಾನಿಲ್ಲಿ ಬರೆಯುತ್ತಿರುವುದು ಮೈಯಲ್ಲಿ ಯಾವ ಲಕ್ಷಣವೂ ಇಲ್ಲದ ಹೆಂಗಸರು ಮಾಡಿಸಿಕೊಳ್ಳುವ ತಪಾಸಣೆಯ ಬಗ್ಗೆ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದರೆ, ತೊಟ್ಟಿನಿಂದ ರಕ್ತ ಒಸರುತ್ತಿದ್ದರೆ, ಚರ್ಮ ಗುಳಿ ಬಿದ್ದಿದ್ದರೆ ಈ ಅಂಕಣವನ್ನು ಪಕ್ಕಕ್ಕಿಟ್ಟು ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಅಲ್ಲಿ ಬೇಕೋ ಬೇಡವೋ ಎಂಬ ಚರ್ಚೆಯೇ ಇಲ್ಲ.

ಲಕ್ಷಣವಿಲ್ಲದ ನಲವತ್ತಾರರ ಅಕ್ಕನ ವಿಷಯದಲ್ಲಿ ಮಾತ್ರ ಚರ್ಚೆ ಇದೆ. ಅದೂ ಸಣ್ಣ ಚರ್ಚೆಯಲ್ಲ. ಅಮೆರಿಕದಲ್ಲಿ ಇದಕ್ಕಾಗಿ ಸಂಸತ್ತೇ ಕಾನೂನು ಬರೆಯಿತು. ಅಲ್ಲಿ ಯಾವ ವಯಸ್ಸಿನವರಿಗೆ ಯಾವ ತಪಾಸಣೆ ಬೇಕು ಅಂತ ಪುರಾವೆ ನೋಡಿ ಶಿಫಾರಸು ಮಾಡುವ ತಜ್ಞರ ಕಾರ್ಯಪಡೆ ಒಂದಿದೆ. 2009ರ ನವೆಂಬರಿನಲ್ಲಿ ಅದು, 40ರಿಂದ 49ರ ವಯಸ್ಸಿನ ಎಲ್ಲರಿಗೂ ವಾಡಿಕೆಯಾಗಿ ಮ್ಯಾಮೋಗ್ರಾಂ ಬೇಡ, ಆಯಾ ಮಹಿಳೆ ತನ್ನ ಪರಿಸ್ಥಿತಿ ನೋಡಿಕೊಂಡು ತೀರ್ಮಾನಿಸಲಿ, 50 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸಾಕು ಎಂದಿತು. ಒಬಾಮಾ ಅವರ ಆರೋಗ್ಯ ವಿಮೆ ಮಸೂದೆಯ ಗಲಾಟೆ ತಾರಕಕ್ಕೇರಿದ್ದ ದಿನಗಳು. ಸರ್ಕಾರ ದುಡ್ಡು ಉಳಿಸಲು ಹೆಂಗಸರನ್ನು ಸಾಯಲು ಬಿಡುತ್ತಿದೆ ಎಂಬ ಕೂಗೆದ್ದಿತು. ಡಿಸೆಂಬರಿನಲ್ಲಿ ಕಾರ್ಯಪಡೆ ತನ್ನ ವಾಕ್ಯವನ್ನೇ ತಿದ್ದಿ ಮೆದುಮಾಡಬೇಕಾಯಿತು. ಕೊನೆಗೆ ಜಾರಿಗೆ ಬಂದ ಕಾನೂನಿನಲ್ಲಿ, ವಿಮೆಯ ಮಟ್ಟಿಗೆ 2009ರ ನವೆಂಬರ್ ಆಸುಪಾಸಿನ ಶಿಫಾರಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬರ್ಥದ ಸಾಲೇ ಸೇರಿತು. ಪುರಾವೆಗೆ ತಿಂಗಳು ಹೆಸರಿಸಿ ಬಹಿಷ್ಕಾರ ಹಾಕಿದ ಕಾನೂನು ಬೇರೊಂದನ್ನು ನಾನು ಕಂಡಿಲ್ಲ.

ಅದೇ ಕಾರ್ಯಪಡೆ 2024ರಲ್ಲಿ ಮಾತು ಬದಲಿಸಿತು: 40ರಿಂದ 74ರ ತನಕ ಎಲ್ಲರೂ ಎರಡು ವರ್ಷಕ್ಕೊಮ್ಮೆ. ನಲವತ್ತರ ಹರೆಯದಲ್ಲಿ ರೋಗ ಹೆಚ್ಚುತ್ತಿದೆ, ಕಪ್ಪು ಮಹಿಳೆಯರು ಬಿಳಿಯರಿಗಿಂತ ಹೆಚ್ಚು ಸಾಯುತ್ತಿದ್ದಾರೆ ಎಂಬುದು ಕಾರಣ. ಅಲ್ಲಿನ ರೇಡಿಯಾಲಜಿಸ್ಟರ ಸಂಘ ವರ್ಷ ವರ್ಷವೂ ಬೇಕೆನ್ನುತ್ತದೆ. ಬ್ರಿಟನ್ನಿನವರು 1988ರಿಂದ ಸರ್ಕಾರದ ಖರ್ಚಿನಲ್ಲಿ ತಪಾಸಣೆ ನಡೆಸುತ್ತಿದ್ದಾರೆ; ಅವರು ಕರೆಯುವುದು 50 ಮುಟ್ಟಿದ ಮೇಲೆ, ಮೂರು ವರ್ಷಕ್ಕೊಮ್ಮೆ. ಸ್ವಿಟ್ಜರ್ಲೆಂಡಿನಲ್ಲಿ 2014ರಲ್ಲಿ ಒಂದು ವೈದ್ಯಕೀಯ ಮಂಡಳಿ, ಹೊಸದಾಗಿ ಇಂಥ ಕಾರ್ಯಕ್ರಮ ಶುರುಮಾಡುವುದೇ ಬೇಡ ಎಂದುಬಿಟ್ಟಿತು. ಇವರೆಲ್ಲ ಓದಿದ್ದು ಹೆಚ್ಚುಕಡಿಮೆ ಅವೇ ಅಧ್ಯಯನಗಳನ್ನು.

ಹಾಗಾದರೆ ಜಗಳ ಎಲ್ಲಿ? ಗಳಿಕೆ ತಕ್ಕಡಿಯ ಒಂದು ತಟ್ಟೆಯಲ್ಲಿ, ನಷ್ಟ ಇನ್ನೊಂದರಲ್ಲಿ. ಎರಡನ್ನೂ ಅಳೆಯುವ ಕಲ್ಲು ಮಾತ್ರ ಬೇರೆ ಬೇರೆ. 2012ರಲ್ಲಿ ಬ್ರಿಟನ್ನಿನಲ್ಲಿ ಮೈಕೆಲ್ ಮಾರ್ಮಟ್ ಅವರ ನೇತೃತ್ವದ ಸಮಿತಿ ಈ ತಕ್ಕಡಿಯನ್ನು ಜನರ ಮುಂದೆಯೇ ಎತ್ತಿಹಿಡಿಯಿತು. ಐವತ್ತು ವರ್ಷದ 10,000 ಮಹಿಳೆಯರನ್ನು ಇಪ್ಪತ್ತು ವರ್ಷ ತಪಾಸಣೆಗೆ ಕರೆದರೆ ಸ್ತನ ಕ್ಯಾನ್ಸರಿನ 43 ಸಾವು ತಪ್ಪುತ್ತದೆ. ಜಾಹೀರಾತಿನವರು ಇದನ್ನೇ ‘ಸಾವು ಶೇ 20ರಷ್ಟು ಇಳಿಕೆ’ ಎನ್ನುತ್ತಾರೆ. ಸುಳ್ಳಲ್ಲ. ಸುಮಾರು 215 ಸಾವಿನಲ್ಲಿ 43 ತಪ್ಪಿದರೆ ಐದರಲ್ಲಿ ಒಂದು ತಪ್ಪಿದಂತೆಯೇ. ಆದರೆ ‘ಶೇ 20’ ಎಂದು ಕೇಳಿಸಿಕೊಂಡ ಹೆಂಗಸಿಗೆ ನೂರರಲ್ಲಿ ಇಪ್ಪತ್ತು ಜನ ಉಳಿದರು ಎನಿಸುತ್ತದೆ. ಹತ್ತು ಸಾವಿರದಲ್ಲಿ 43 ಎಂದು ಯಾರಿಗೂ ಹೊಳೆಯುವುದಿಲ್ಲ. ನಲವತ್ತರ ಹರೆಯಕ್ಕೆ ಬಂದರೆ ಲಾಭ ಇನ್ನೂ ತೆಳು. 1,60,921 ಮಹಿಳೆಯರನ್ನು 23 ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದ ಪ್ರಕಾರ, ನಲವತ್ತರಲ್ಲಿ ಸುಮಾರು 1,150 ಮಂದಿ ತಪಾಸಣೆ ಮಾಡಿಸಿಕೊಂಡರೆ ಒಂದು ಸಾವು ತಪ್ಪುತ್ತದೆ. ಆ ಒಂದು ಸಾವು ನಮ್ಮ ಮನೆಯದಾಗಿದ್ದರೆ ಅದು ಒಂದಲ್ಲ, ಎಲ್ಲವೂ.

ಇನ್ನೊಂದು ತಟ್ಟೆಯಲ್ಲಿರುವುದನ್ನು ಹೇಳುವುದು ಕಷ್ಟ. ಮಾರ್ಮಟ್ ಸಮಿತಿಯ ಅದೇ ಲೆಕ್ಕದಲ್ಲಿ, 43 ಜೀವ ಉಳಿಯುವಾಗ 129 ಮಹಿಳೆಯರಿಗೆ ಅವರ ಜೀವಮಾನದಲ್ಲಿ ಎಂದೂ ತೊಂದರೆ ಕೊಡದಿದ್ದ ಕ್ಯಾನ್ಸರಿಗೆ ಚಿಕಿತ್ಸೆ ಆಗುತ್ತದೆ. ಶಸ್ತ್ರಚಿಕಿತ್ಸೆ, ವಿಕಿರಣ, ಮಾತ್ರೆ, ಎಲ್ಲವೂ. ಇದನ್ನು ಕೇಳಿದವರು ಮೊದಲು ನಂಬುವುದಿಲ್ಲ. ತೊಂದರೆ ಕೊಡದ ಕ್ಯಾನ್ಸರ್ ಅಂತ ಒಂದಿರುತ್ತಾ?

ಮಲೆನಾಡಿನ ಮನೆಯ ಹಿತ್ತಲನ್ನು ನೆನೆಸಿಕೊಳ್ಳಿ. ಮುಸ್ಸಂಜೆ, ಕಟ್ಟಿಗೆ ರಾಶಿಯಲ್ಲಿ ಸರ್ರೆಂದು ಏನೋ ಹರಿಯಿತು. ಕೇರೆಯೋ ನಾಗರವೋ ಬೆಳಕಿಲ್ಲ. ದೊಣ್ಣೆ ಕೈಲಿದ್ದವನು ಹೊಡೆದೇ ಹೊಡೆಯುತ್ತಾನೆ. ಸತ್ತಮೇಲೆ ಹಾವಿನ ಜಾತಿಯಾದರೂ ಗೊತ್ತಾಗುತ್ತದೆ. ಕ್ಯಾನ್ಸರಿನಲ್ಲಿ ಅದೂ ಇಲ್ಲ. ಹಾಲಿನ ನಾಳದೊಳಗೇ ಉಳಿದುಕೊಂಡ ಕೆಲವು ಜೀವಕೋಶಗಳು ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರಿನಂತೆಯೇ ಕಾಣುತ್ತವೆ. ಅವುಗಳಲ್ಲಿ ಯಾವುದು ನಾಳ ಒಡೆದು ಹೊರಬರುತ್ತದೆ, ಯಾವುದು ಎಂಬತ್ತು ವರ್ಷ ಸುಮ್ಮನೆ ಮಲಗಿರುತ್ತದೆ ಅಂತ ಖಚಿತವಾಗಿ ಹೇಳುವ ಪರೀಕ್ಷೆ ಇಂದಿಗೂ ಇಲ್ಲ. ಹಾಗಾಗಿ ಕಂಡದ್ದಕ್ಕೆಲ್ಲ ಚಿಕಿತ್ಸೆ. ವಿಚಿತ್ರವೆಂದರೆ, ಅನಗತ್ಯವಾಗಿ ಚಿಕಿತ್ಸೆ ಪಡೆದ ಮಹಿಳೆಗೆ ತಾನು ಆ 129ರಲ್ಲಿ ಒಬ್ಬಳು ಅಂತ ತಿಳಿಯುವುದೇ ಇಲ್ಲ. ಆಕೆ ‘ತಪಾಸಣೆಯಿಂದ ಬದುಕಿದೆ’ ಅಂತಲೇ ವೇದಿಕೆ ಹತ್ತಿ ಹೇಳುತ್ತಾಳೆ, ನಾವು ಚಪ್ಪಾಳೆ ತಟ್ಟುತ್ತೇವೆ. ಆಕೆ ನಿಜಕ್ಕೂ ಬದುಕುಳಿದ 43ರಲ್ಲೂ ಇರಬಹುದು. ಆಕೆಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

ಡಾಕ್ಟರಿಗಾದರೂ ಲೆಕ್ಕ ಗೊತ್ತಿರುತ್ತದೆಯೇ? ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆಂಜರ್ 160 ಸ್ತ್ರೀರೋಗ ತಜ್ಞರಿಗೆ ಒಂದು ಪ್ರಶ್ನೆ ಕೊಟ್ಟರು. ಮ್ಯಾಮೋಗ್ರಾಂ ‘ಪಾಸಿಟಿವ್’ ಬಂದ ಮಹಿಳೆಗೆ ನಿಜವಾಗಿ ಕ್ಯಾನ್ಸರ್ ಇರುವ ಸಂಭವ ಎಷ್ಟು? ಬೇಕಾದ ಶೇಕಡಾವಾರುಗಳನ್ನೆಲ್ಲ ಕೊಟ್ಟು, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಎಂದರು. ಸರಿ ಉತ್ತರ ಕೊಟ್ಟವರು ಶೇ 21. ಕಣ್ಣು ಮುಚ್ಚಿ ಬೆರಳಿಟ್ಟಿದ್ದರೂ ಶೇ 25 ಬರುತ್ತಿತ್ತು! ಹಲವರು ಹತ್ತರಲ್ಲಿ ಒಂಬತ್ತು ಎಂದಿದ್ದರು. ಆಮೇಲೆ ಅದೇ ಲೆಕ್ಕವನ್ನು ತಲೆ ಎಣಿಸಿ ಹೇಳುವುದನ್ನು ಕಲಿಸಿದರು. ಸಾವಿರ ಹೆಂಗಸರು ಬಂದರು ಎನ್ನಿ, ಅವರಲ್ಲಿ ಹತ್ತು ಜನಕ್ಕೆ ಕ್ಯಾನ್ಸರ್ ಇದೆ, ಯಂತ್ರ ಅವರಲ್ಲಿ ಒಂಬತ್ತು ಜನರನ್ನು ಹಿಡಿಯುತ್ತದೆ. ರೋಗವಿಲ್ಲದ 990 ಮಂದಿಯಲ್ಲೂ ಸುಮಾರು 89 ಜನಕ್ಕೆ ಸುಳ್ಳು ಗಂಟೆ ಹೊಡೆಯುತ್ತದೆ. ಒಟ್ಟು ಗಂಟೆ ಹೊಡೆದದ್ದು 98, ನಿಜವಾದದ್ದು 9. ಹತ್ತಕ್ಕೆ ಒಂದು. ಹೀಗೆ ಹೇಳಿಕೊಟ್ಟ ಮೇಲೆ ಶೇ 87ರಷ್ಟು ವೈದ್ಯರು ಸರಿ ಉತ್ತರ ಕೊಟ್ಟರು. ಅಕ್ಕನಿಗೆ ಆ ಹನ್ನೊಂದು ದಿನದ ಮೊದಲ ದಿನವೇ ಯಾರಾದರೂ ‘ಹೀಗೆ ವಾಪಸು ಕರೆಸಿದವರಲ್ಲಿ ಬಹುಪಾಲು ಮಂದಿಗೆ ಏನೂ ಇರಲ್ಲಮ್ಮ’ ಎಂದಿದ್ದರೆ ಎಲ್‌ಐಸಿ ಬಾಂಡುಗಳು ಇದ್ದಲ್ಲೇ ಇರುತ್ತಿದ್ದವು.

ಬ್ರಿಟನ್ನಿನ ಕರಪತ್ರದಲ್ಲಿ ಈಗ ಇದನ್ನೇ ಹೇಳುತ್ತಾರೆ: ನೂರು ಮಂದಿ ಬಂದರೆ ನಾಲ್ವರನ್ನು ಮತ್ತೆ ಕರೆಯುತ್ತೇವೆ, ಅವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುತ್ತದೆ. ಸಾವು ತಪ್ಪುವ ಲೆಕ್ಕ, ಅನಗತ್ಯ ಚಿಕಿತ್ಸೆಯ ಲೆಕ್ಕ ಎರಡನ್ನೂ ಹೇಳಿ, ಬರುವುದು ಬಿಡುವುದು ನಿಮ್ಮ ತೀರ್ಮಾನ ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಇಂಥ ಒಂದು ಕಿರುಪುಸ್ತಕವನ್ನು ಐವತ್ತರ ಹೊಸ್ತಿಲಲ್ಲಿದ್ದ ಮಹಿಳೆಯರಿಗೆ ಕೊಟ್ಟು ನೋಡಿದರು. ಅನಗತ್ಯ ಚಿಕಿತ್ಸೆಯ ವಿಷಯ ಓದಿದವರಲ್ಲಿ ಶೇ 74 ಮಂದಿ ತಪಾಸಣೆಗೆ ಹೋಗುತ್ತೇವೆ ಎಂದರು. ಓದದವರಲ್ಲಿ ಶೇ 87. ತಿಳಿಸಿ ಹೇಳಿದರೆ ಜನ ಓಡಿಹೋಗುತ್ತಾರೆ ಎಂದು ಹೆದರುವವರು ಈ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ಮುಕ್ಕಾಲು ಪಾಲು ಜನ ಎಲ್ಲ ತಿಳಿದೂ ಹೋಗುತ್ತೇವೆಂದರು.

ಇದಕ್ಕೇ ವೈದ್ಯಕೀಯದಲ್ಲಿ ‘ಹಂಚಿಕೊಂಡ ತೀರ್ಮಾನ’ ಎಂಬ ಮಾತು ಬಂದಿದೆ. ಕೇಳಲು ಸರ್ಕಾರಿ ಸುತ್ತೋಲೆಯಂತಿದೆ. ನಮ್ಮ ಆಡುಮಾತಿನಲ್ಲಿ ಕೂತು ಮಾತಾಡಿ ನಿಕ್ಕಿ ಮಾಡಿಕೊಳ್ಳುವುದು. ಆದರೆ ಇದರ ಹೆಸರಲ್ಲಿ ಒಂದು ಮೋಸವೂ ನಡೆಯುತ್ತದೆ. ಕಾಗದ ಮುಂದೆ ತಳ್ಳಿ ‘ನೋಡಿ, ಮಾಡಿಸೋದು ಬಿಡೋದು ನಿಮ್ಮಿಷ್ಟ’ ಎಂದು ಗಡಿಯಾರ ನೋಡುವ ಡಾಕ್ಟರು ಏನನ್ನೂ ಹಂಚಿಕೊಂಡಿಲ್ಲ, ಹೊರೆ ಇಳಿಸಿಕೊಂಡಿದ್ದಾರೆ ಅಷ್ಟೆ. ‘ಮಾಡಿಸ್ಲೇಬೇಕು, ನಾನ್ ಹೇಳ್ತಿದೀನಲ್ಲ’ ಎನ್ನುವ ಹಳೇ ಕಾಲದ ಡಾಕ್ಟರಾದರೂ ಜವಾಬ್ದಾರಿಯನ್ನು ಹೆಗಲ ಮೇಲೆ ಇಟ್ಟುಕೊಳ್ಳುತ್ತಿದ್ದರು. ನನ್ನನ್ನು ಕೇಳಿದರೆ, ಎರಡರಲ್ಲಿ ಒಂದೇ ಆರಿಸು ಎಂದರೆ ನಾನು ಆ ಹಳಬರ ಬಳಿಗೇ ಹೋಗುತ್ತೇನೆ.

ಇನ್ನು ನಮ್ಮ ದೇಶದ ಮಾತು. ಇಲ್ಲಿ ಅತಿ ತಪಾಸಣೆಯ ಪ್ರಶ್ನೆ ಕೆಲವೇ ಮನೆಗಳದ್ದು. 2022ರ ಅಂತರರಾಷ್ಟ್ರೀಯ ಅಂದಾಜಿನಲ್ಲಿ ಭಾರತದಲ್ಲಿ ಸ್ತನ ಕ್ಯಾನ್ಸರಿನ ಹೊಸ ಪ್ರಕರಣ ಸುಮಾರು 1.92 ಲಕ್ಷ, ಸಾವು 98 ಸಾವಿರ. ಹೊಸ ಪ್ರಕರಣಗಳ ಅರ್ಧದಷ್ಟು ಸಾವು, ಮುಖ್ಯವಾಗಿ ಯಾಕೆಂದರೆ ಗಂಟು ನಿಂಬೆಹಣ್ಣಿನಷ್ಟಾದ ಮೇಲೆ ಬರುವವರೇ ಹೆಚ್ಚು. 2016ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಮ್ಯಾಮೋಗ್ರಾಂ ಎನ್ನುವುದಿಲ್ಲ; 30ರಿಂದ 65ರ ಮಹಿಳೆಯರ ಸ್ತನವನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಐದು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಲಿ ಎನ್ನುತ್ತದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರ ಮಹಿಳೆಯರಲ್ಲಿ ಎಂದಾದರೂ ಸ್ತನ ಪರೀಕ್ಷೆ ಆದವರು ಶೇ 0.9. ನೂರರಲ್ಲಿ ಒಬ್ಬರೂ ಇಲ್ಲ.

ಕೈಯಿಂದ ನೋಡುವುದರಲ್ಲಿ ಏನಿದೆ ಎನ್ನುವವರಿಗೆ ಮುಂಬೈನ ಟಾಟಾ ಆಸ್ಪತ್ರೆಯವರ ಉತ್ತರವಿದೆ. 1998ರಲ್ಲಿ ಶುರುಮಾಡಿ, ಕೊಳೆಗೇರಿಗಳ 1,51,538 ಮಹಿಳೆಯರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದರು. ಅರ್ಧ ಬಸ್ತಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ನಾಲ್ಕು ಸುತ್ತು ಪರೀಕ್ಷೆ ಮಾಡಿದರು. ಯಂತ್ರವಿಲ್ಲ, ವಿಕಿರಣವಿಲ್ಲ. 2021ರಲ್ಲಿ ಪ್ರಕಟವಾದ ಫಲಿತಾಂಶ: 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇದನ್ನೂ ಕರಪತ್ರದಲ್ಲಿ ಕನ್ನಡದಲ್ಲಿ ಅಚ್ಚುಹಾಕಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಕೊಟ್ಟರೆ ಓದಲು ಎರಡು ನಿಮಿಷ ಸಾಕು. ಜಿಲ್ಲಾಸ್ಪತ್ರೆಯ ಒಪಿಡಿಯಲ್ಲಿ ಡಾಕ್ಟರಿಗೆ ಸಿಗುವುದೇ ಅಷ್ಟು ಹೊತ್ತು. ಮಾತು ಹೊರಗಿನ ಬೆಂಚಿನಲ್ಲೇ ಶುರುವಾಗಿರಬೇಕು.

ಮಾತು ಯಾರೊಡನೆ ಎಂಬುದೂ ನಮ್ಮಲ್ಲಿ ದೊಡ್ಡ ಪ್ರಶ್ನೆ. ಹೆಂಗಸು ಕುರ್ಚಿಯಲ್ಲಿ ಕೂತಿರುತ್ತಾಳೆ, ಫೈಲು ಗಂಡನ ಕೈಲಿರುತ್ತದೆ, ಡಾಕ್ಟರು ಫೈಲಿನ ಜೊತೆ ಮಾತಾಡುತ್ತಾರೆ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ದೆಹಲಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದ 44 ವರ್ಷದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಗಿತ್ತು. ಒಪ್ಪಿದ್ದು ಹೊರಗೆ ಕೂತಿದ್ದ ತಾಯಿ. ಪ್ರಾಣಾಪಾಯವಿಲ್ಲದಾಗ ವಯಸ್ಕಳೊಬ್ಬಳ ಪರವಾಗಿ ಬೇರೆಯವರು ಒಪ್ಪುವಂತಿಲ್ಲ. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು. ಲಾಭ, ಅಪಾಯ, ಬೇರೆ ದಾರಿ, ಬೇಡವೆಂದರೆ ಏನಾಗುತ್ತದೆ, ಇವನ್ನು ರೋಗಿಗೇ ತಿಳಿಸಬೇಕು ಎಂದಿತು ಪೀಠ. ತೀರ್ಪು ಬರೆದವರು ಆರ್.ವಿ. ರವೀಂದ್ರನ್, ಅದಕ್ಕೂ ಮೊದಲು ವರ್ಷಗಟ್ಟಲೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದವರು.

ಅಕ್ಕನ ಕಥೆಗೆ ಮರಳುತ್ತೇನೆ. ಮುಂದಿನ ವರ್ಷ ಮತ್ತೆ ಅಕ್ಟೋಬರ್ ಬಂತು, ಮತ್ತೆ ಗುಲಾಬಿ ರಿಬ್ಬನ್ನಿನ ಮೆಸೇಜು. ಈ ಸಲ ಅವಳು ಪ್ಯಾಕೇಜಿಗೆ ಹೋಗದೆ ಒಬ್ಬ ಸರ್ಜನ್ನರ ಬಳಿ ಹೋದಳು. ವಯಸ್ಸಾದ ಹೆಂಗಸು, ಚೀಟಿ ಬರೆಯುವ ಮೊದಲು ಕನ್ನಡಕ ಹುಡುಕುವವರು. ಚೀಟಿಯ ಹಿಂಭಾಗದಲ್ಲಿ ನೂರು, ನಾಲ್ಕು, ಒಂದು ಎಂದು ಬರೆದರು. ಇದು ಬ್ರಿಟನ್ನಿನ ಐವತ್ತು ದಾಟಿದವರ ಲೆಕ್ಕ, ನಮ್ಮಲ್ಲಿ ಈ ರೋಗ ಅಲ್ಲಿಗಿಂತ ಬಹಳ ಕಡಿಮೆ, ಹಾಗಾಗಿ ಸಿಗುವ ಲಾಭವೂ ಕಡಿಮೆ. ಆದರೆ ಬಂದವರಲ್ಲಿ ಐವತ್ತರೊಳಗಿನವರ ಪಾಲು ದೊಡ್ಡದು ಎಂದರು. ನಿಮ್ಮ ವಯಸ್ಸಿನಲ್ಲಿ ಸ್ತನ ದಟ್ಟವಾಗಿರುತ್ತೆ, ಚಿತ್ರದಲ್ಲಿ ಮಂಜು ಮುಸುಕಿದ ಹಾಗೆ, ಹಾಗಾಗಿ ಸೊನ್ನೆ ಮತ್ತೆ ಬರಬಹುದು ಎಂದರು. ತಾಯಿಗೆ, ಚಿಕ್ಕಮ್ಮಂದಿರಿಗೆ ಇತ್ತೇ ಎಂದು ಕೇಳಿದರು. ಇರಲಿಲ್ಲ.

ಅಕ್ಕ ಎಲ್ಲ ಕೇಳಿಸಿಕೊಂಡು ನಮ್ಮೂರಿನವರೆಲ್ಲ ಕೇಳುವುದನ್ನೇ ಕೇಳಿದಳು. ‘ನಿಮ್ಮ ಅಕ್ಕ ಆಗಿದ್ದಿದ್ರೆ ಏನು ಹೇಳ್ತಿದ್ರಿ ಡಾಕ್ಟ್ರೇ?’

ಅವರು ನಕ್ಕರು. ‘ನಂಗೆ ಅಕ್ಕ ಇದಾಳೆ. ಗಾಳಿಗೆ ಬಾಗಿಲು ಬಡಿದ್ರೂ ಬೆಚ್ಚಿಬೀಳ್ತಾಳೆ. ಅವಳಿಗೆ ಹೇಳಿದ್ದನ್ನೇ ನಿಮಗೆ ಹೇಳಿದ್ರೆ ತಪ್ಪಾಗುತ್ತೆ. ನಿಮಗೆ ಯಾವುದರ ಭಯ ಜಾಸ್ತಿ, ಅದನ್ನ ಹೇಳಿ.’

ಅಕ್ಕ ತುಸು ಹೊತ್ತು ಸುಮ್ಮನಿದ್ದು ಹೇಳಿದಳು: ‘ಗಂಟಿದ್ದು ಗೊತ್ತಾಗ್ದೆ ಹೋದ್ರೆ ಸಹಿಸಲ್ಲ. ಸೂಜಿ ಚುಚ್ಚಿದ್ರೂ ಪರವಾಗಿಲ್ಲ. ಆದ್ರೆ ಆ ಹನ್ನೊಂದು ದಿನ ಇನ್ನೊಂದ್ಸಲ ಆಗಲ್ಲ.’

ಡಾಕ್ಟರು ಪೆನ್ನು ಕೆಳಗಿಟ್ಟರು. ‘ಹನ್ನೊಂದು ದಿನ ಯಾಕೆ? ಎರಡೂ ಯಂತ್ರ ಒಂದೇ ಕಾರಿಡಾರಲ್ಲಿ ಇರೋ ಕಡೆ ಹೋಗಿ. ಸೊನ್ನೆ ಬಂದ್ರೆ ಅವತ್ತೇ ಸ್ಕ್ಯಾನಿಂಗ್ ಮಾಡಿಸ್ತೀನಿ ಅಂತ ಮೊದಲೇ ಹೇಳಿಟ್ಟಿರಿ, ನಾನೂ ಬರೆದುಕೊಡ್ತೀನಿ.’ ಆಮೇಲೆ ತಮ್ಮ ಅಭಿಪ್ರಾಯವನ್ನೂ ಹೇಳಿದರು: ವರ್ಷ ವರ್ಷ ಬೇಡ, ಎರಡು ವರ್ಷಕ್ಕೊಮ್ಮೆ ಸಾಕು, ನಡುವೆ ಏನಾದರೂ ಕೈಗೆ ಸಿಕ್ಕರೆ ಕಾಯಬೇಡಿ.

ಭಾವನ ತಂಗಿಯೂ ಅದೇ ವಾರ ಅವರಲ್ಲಿಗೇ ಹೋದಳು. ಅವಳ ಸೋದರತ್ತೆ ನಲವತ್ತೊಂದಕ್ಕೆ ಇದೇ ರೋಗದಿಂದ ತೀರಿಕೊಂಡವರು. ಅದೇ ನೂರು, ನಾಲ್ಕು, ಒಂದು ನೋಡಿ ಅವಳು ಪ್ರತಿ ವರ್ಷ ಮಾಡಿಸುವೆ ಎಂದಳಂತೆ, ಡಾಕ್ಟರು ಬೇಡವೆನ್ನಲಿಲ್ಲವಂತೆ. ನಮ್ಮ ಅಕ್ಕನ ಚೀಟಿ ಫ್ರಿಜ್ಜಿನ ಮೇಲೆ ಅಯಸ್ಕಾಂತದ ಕೆಳಗಿದೆ. ಹಿಂಭಾಗದ ಅಂಕಿಗಳೇ ಹೊರಗೆ ಕಾಣುವಂತೆ ಸಿಕ್ಕಿಸಿದ್ದಾಳೆ. ಹಾಲಿನ ಲೆಕ್ಕದ ಪಕ್ಕದಲ್ಲಿ.